ಗೋಡೆಗೆ ಬೆಲೆಯಿಲ್ಲ

ಅಲ್ಲಾಳಸಂದ್ರದಲ್ಲಿ ಈಗ ವ್ಯಾಪಾರವೆಲ್ಲ ಚದರಡಿ ಲೆಕ್ಕದಲ್ಲೇ. ನಮ್ಮ ಹಿತ್ತಿಲಿಗೆ ಅಂಟಿಕೊಂಡ ಹಳೆಯ ಪಂಪ್‌ಸೆಟ್ ಮನೆಯನ್ನು ಕೇಳಲು ಹೋದಾಗ ಪಕ್ಕದ ಯಜಮಾನರು ಹೇಳಿದ್ದೂ ಅದನ್ನೇ: “ಗೋಡೆಗೆ ಕಾಸು ಬ್ಯಾಡ ಸಾರ್, ನೆಲದ್ದು ಮಾತ್ರ ಕೊಡಿ. ಹೆಂಗೂ ಕೆಡವ್ತೀರಲ್ಲ.” ಕೆಡವುವುದಿಲ್ಲ ಅಂದೆ. ಅವರು ನಂಬಲಿಲ್ಲ.

ನನಗೆ ಬೇಕಾಗಿದ್ದುದು ಆ ಕೋಣೆಯೇ. ಗುದ್ದಲಿ, ಕುಡುಗೋಲು, ಗೊಬ್ಬರದ ಚೀಲ ಇಡಲು ನಾಲ್ಕು ಗೋಡೆ, ಮೇಲೆ ಸಿಮೆಂಟ್ ಶೀಟು. ಬೋರ್‌ವೆಲ್ ಬತ್ತಿ ಮೋಟರು ಗುಜರಿಗೆ ಹೋಗಿದೆ. ಸ್ಟಾರ್ಟರ್ ಕೂರಿಸಿದ್ದ ಹಲಗೆ ಮಾತ್ರ ಉಳಿದಿದೆ. ಅದರ ಮೇಲೆ ತ್ರೀ ಫೇಸ್ ಬರುವ ಹೊತ್ತನ್ನು ಯಾರೋ ಸೀಮೆಸುಣ್ಣದಲ್ಲಿ ಗೀಚಿದ್ದಾರೆ. ಮೂಲೆಯ ನೆಲದಲ್ಲಿ ತೊಳೆದರೂ ಹೋಗದ ತಿಳಿನೀಲಿ ಕಲೆ. ಮೈಲುತುತ್ತದ್ದು. ಅದನ್ನು ಅಲ್ಲೇ ನೆನೆಹಾಕಿ, ಸುಣ್ಣದ ತಿಳಿ ಬೆರೆಸಿ, ದ್ರಾಕ್ಷಿಗೆ ಬೂಜು ತುಪ್ಪಟ ರೋಗ ತಗಲದಂತೆ ಹೊಡೆಯುತ್ತಿದ್ದರಂತೆ. ಫ್ರಾನ್ಸಿನ ಬೋರ್ಡೋ ಸೀಮೆಯ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಮದ್ದು, ನಮ್ಮ ಪಂಪ್‌ಸೆಟ್ ಮನೆಯವರೆಗೂ ಬಂದಿತ್ತು. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಷ್ಟು ಹೊತ್ತಿಗೆ ಈ ಚಪ್ಪರದ ಕಲ್ಲುಕಂಬಗಳು ಸೈಟಿನ ಬೇಲಿ ಸೇರಿದ್ದವು.

ವಯಸ್ಸಾದಷ್ಟೂ ನೆಲದ ಬೆಲೆ ಏರುತ್ತದೆ, ಗೋಡೆಯದು ಇಳಿಯುತ್ತದೆ. ಸವಕಳಿ ಎಂದು ವರ್ಷವರ್ಷವೂ ಕಳೆಯುತ್ತಾರೆ. ಯಾರೂ ಮಾಡದ ನೆಲ ಬೆಳೆಯುತ್ತಲೇ ಹೋಗಿ, ಮನುಷ್ಯ ಕಟ್ಟಿ ಬಳಸಿದ್ದು ಮಾತ್ರ ಸೊನ್ನೆಯತ್ತ ಸರಿಯುವ ಈ ಲೆಕ್ಕ ನನಗೆ ಇಂದಿಗೂ ಒಗ್ಗಿಲ್ಲ. ನೆಲದ ಬೆಲೆ ಕೊಡದೆ ಗೋಡೆ ಸಿಗುವುದಿಲ್ಲವಾದ್ದರಿಂದ ಕೊಟ್ಟೆ, ಅಷ್ಟೇ.

2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ಬೆಂಗಳೂರಿನಲ್ಲಿ ನೋಂದಣಿಯಾಗದು. ಅದರ ಓಡಾಟ ಬೇಡ, ಎಲ್ಲರಿಗೂ ಗೊತ್ತಿದ್ದದ್ದೇ. ಕ್ರಯಪತ್ರದ ಕರಡು ಓದುವಾಗ ಮಾತ್ರ ಚಕ್ಕುಬಂದಿಯ ಹತ್ತಿರ ನಿಂತೆ. ಹಳೆಯ ಪತ್ರದಿಂದ ಹಾಗೇ ಇಳಿಸಿದ್ದರು: ಪೂರ್ವಕ್ಕೆ ದ್ರಾಕ್ಷಿ ತೋಟ, ದಕ್ಷಿಣಕ್ಕೆ ಬಂಡಿಜಾಡು. ಪೂರ್ವಕ್ಕೆ ಈಗಿರುವುದು ಅಪಾರ್ಟ್‌ಮೆಂಟಿನ ಪಾರ್ಕಿಂಗ್. ಮನಸ್ಸಿಲ್ಲದಿದ್ದರೂ ತಿದ್ದಿಸಿದೆ, ಇಲ್ಲದಿದ್ದರೆ ನಾಳೆ ತಕರಾರು. ಆದರೆ ಷೆಡ್ಯೂಲಿನಲ್ಲಿ ‘ಖಾಲಿ ನಿವೇಶನ’ ಎಂದಿದ್ದನ್ನು ಒಪ್ಪಲಿಲ್ಲ. ‘ಸಿಮೆಂಟ್ ಶೀಟಿನ ಒಂದು ಕೋಣೆ ಸಹಿತ’ ಎಂದು ಸೇರಿಸಿ ಅಂದೆ.

“ಹಂಗಾದ್ರೆ ಕಟ್ಟಡದ ಬೆಲೇಗೂ ಸ್ಟ್ಯಾಂಪ್ ಡ್ಯೂಟಿ ಬೀಳುತ್ತೆ ಸಾರ್” ಅಂದರು ಪತ್ರ ಬರೆಯುವವರು.

ಬೀಳಲಿ ಅಂದೆ.