ಪಥಿಕನ ಅಚೌರ್ಯವ್ರತ

ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಸ್ವಂತ ಊರಿನಲ್ಲಿ ಇದನ್ನು ಅರಿಯುವುದು ಕಷ್ಟವಲ್ಲ. ಬೀಗ ಹಾಕಿದ ಬಾಗಿಲು, ಅಂಗಡಿಯ ತಕ್ಕಡಿ, ಹೊಲದ ಬದು, ನೆರೆಹೊರೆಯವರ ಕಣ್ಣು ಇವೆಲ್ಲವೂ ತನ್ನದು ಯಾವುದು, ಪರರದು ಯಾವುದು ಎಂಬುದನ್ನು ಶ್ರಾವಕನಿಗೆ ಕ್ಷಣಕ್ಷಣಕ್ಕೂ ನೆನಪಿಸುತ್ತಿರುತ್ತವೆ. ಆದರೆ ಬೆನ್ನಿಗೊಂದು ಚೀಲವನ್ನೇರಿಸಿಕೊಂಡು ಪರದೇಶದಲ್ಲಿ ಊರಿಂದೂರಿಗೆ ಸಾಗುವವನಿಗೆ, ದಾರಿಯಲ್ಲಿ ಸ್ನೇಹಿತರ ಮನೆಗಳಲ್ಲಿ ತಂಗುವವನಿಗೆ ಈ ಗುರುತುಗಳು ಒಂದೊಂದಾಗಿ ಮರೆಯಾಗುತ್ತವೆ. ಅಂತಹ ಕಡೆಯಲ್ಲಿ ‘ಕೊಟ್ಟದ್ದು’ ಎಂದರೆ ಯಾವುದು? ಈ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು.

ಇಂದು ಅನೇಕ ಜೈನ ಕುಟುಂಬಗಳ ಮಕ್ಕಳು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಯುರೋಪಿನಲ್ಲಿ ನೆಲೆಸಿದ್ದಾರೆ. ಬೇಸಗೆಯ ರಜೆ ಬಂದೊಡನೆ ಸ್ವೀಡನ್, ನಾರ್ವೆ, ಫಿನ್‌ಲೆಂಡ್ ದೇಶಗಳತ್ತ ಹೊರಡುವುದು ಅಲ್ಲಿನ ತರುಣರ ವಾಡಿಕೆ. ಒಂದೇ ಚೀಟಿಯಲ್ಲಿ ಹಲವು ದೇಶಗಳ ರೈಲುಗಳಲ್ಲಿ ಸಂಚರಿಸುವ ‘ಇಂಟರ್‌ರೈಲ್’ ವ್ಯವಸ್ಥೆಯು 1972ರಲ್ಲಿ 21 ವರ್ಷದೊಳಗಿನವರಿಗಾಗಿ ಆರಂಭವಾಗಿ, ಮುಂದೆ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಜೊತೆಯಲ್ಲಿ ಓದಿದವರು ಒಬ್ಬರು ಸ್ಟಾಕ್‌ಹೋಮ್‌ನಲ್ಲಿ, ಇನ್ನೊಬ್ಬರು ಓಸ್ಲೋದಲ್ಲಿ, ಮತ್ತೊಬ್ಬರು ದೂರದ ಟ್ರೋಮ್ಸೋದಲ್ಲಿ ಇರುವಾಗ, ಸ್ನೇಹಿತರ ಮನೆಗಳನ್ನೇ ಮೈಲಿಗಲ್ಲುಗಳಾಗಿ ಇಟ್ಟುಕೊಂಡು ಪಯಣವನ್ನು ಯೋಜಿಸುವುದು ಸಹಜವಾಗಿದೆ. ಈ ಪಯಣದಲ್ಲಿ ವ್ರತಿಯಾದವನು ಮೂರು ಬಗೆಯ ಸ್ಥಳಗಳನ್ನು ಎದುರಿಸುತ್ತಾನೆ: ಕಾಡು, ಕಾವಲಿಲ್ಲದ ಕುಟೀರ, ಸ್ನೇಹಿತನ ಮನೆ.

ಮೊದಲನೆಯದು ಕಾಡು. ಒಡೆತನ ಯಾರದೇ ಆಗಿರಲಿ, ಕಾಡುಮೇಡುಗಳಲ್ಲಿ ನಡೆಯುವ, ಗುಡಾರ ಹೂಡಿ ಮಲಗುವ, ಕಾಡುಹಣ್ಣುಗಳನ್ನು ಆಯುವ ಅಧಿಕಾರ ಸರ್ವರಿಗೂ ಉಂಟೆಂಬುದು ಆ ದೇಶಗಳ ಪುರಾತನ ರೂಢಿ. ನಾರ್ವೆಯು 1957ರಲ್ಲಿ ಇದಕ್ಕೆ ಶಾಸನದ ರೂಪವನ್ನು ಕೊಟ್ಟಿತು. ಸ್ವೀಡನ್ 1994ರಲ್ಲಿ ಇದನ್ನು ತನ್ನ ಸಂವಿಧಾನದಲ್ಲಿಯೇ ಸೇರಿಸಿತು. ನಮ್ಮ ಶ್ರಾವಕಾಚಾರಗಳನ್ನು ಬಲ್ಲವರಿಗೆ ಈ ಭಾವನೆ ಅಪರಿಚಿತವಲ್ಲ. ನೀರು ಮೊದಲಾದ ಸರ್ವಭೋಗ್ಯ ವಸ್ತುಗಳನ್ನು ಗೃಹಸ್ಥನ ಅಚೌರ್ಯಾಣುವ್ರತದಿಂದ ಪಂಡಿತ ಆಶಾಧರರು ಹೊರಗಿರಿಸಿದ್ದಾರೆ. ಬಾವಿಯ ನೀರನ್ನು ಸೇದಿದವನು ಕಳ್ಳನಲ್ಲ. ಅದು ಎಲ್ಲರಿಗೂ ಕೊಡಲ್ಪಟ್ಟದ್ದು.

ಆದರೆ ಸರ್ವಭೋಗ್ಯವೆಂದರೆ ಮಿತಿಯಿಲ್ಲದ ಭೋಗವೆಂದು ಅರ್ಥವಲ್ಲ. ನಾರ್ವೆಯ ಶಾಸನದಂತೆ ಗುಡಾರವು ಜನವಸತಿಯ ಮನೆಯಿಂದ 150 ಮೀಟರಿಗಿಂತ ಹತ್ತಿರದಲ್ಲಿರಬಾರದು. ಪರ್ವತಪ್ರದೇಶವನ್ನೂ ವಸತಿಯಿಂದ ಬಹುದೂರದ ಎಡೆಗಳನ್ನೂ ಬಿಟ್ಟರೆ, ಒಂದೇ ಕಡೆ ಎರಡು ದಿನಕ್ಕಿಂತ ಹೆಚ್ಚು ತಂಗಲು ಒಡೆಯನ ಅನುಮತಿ ಬೇಕು. ದೇಶದ ಉತ್ತರ ಭಾಗದಲ್ಲಿ ಬೆಳೆಯುವ ಹೊಂಬಣ್ಣದ ‘ಮುಲ್ತೆ’ ಹಣ್ಣಿನ ನಿಯಮವಂತೂ ಮನನಯೋಗ್ಯವಾಗಿದೆ. ಒಡೆಯನು ಕೀಳಬಾರದೆಂದು ಸ್ಪಷ್ಟವಾಗಿ ತಿಳಿಸಿದ ನೆಲದಲ್ಲಿಯೂ ದಾರಿಹೋಕನು ಅಲ್ಲಿಯೇ ನಿಂತು ತಿನ್ನುವಷ್ಟನ್ನು ಕೀಳಬಹುದು. ಬುಟ್ಟಿಯಲ್ಲಿ ತುಂಬಿಕೊಂಡು ಹೋಗುವಂತಿಲ್ಲ. ಹಸಿವು ಎಲ್ಲಿ ಮುಗಿದು ಸಂಗ್ರಹಬುದ್ಧಿ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಆ ನಿಯಮವು ಗೆರೆ ಎಳೆದಿದೆ. ಇಂತಹ ಗೆರೆಯನ್ನು ಯಾರೂ ನೋಡುತ್ತಿಲ್ಲವೆಂದು ದಾಟಿದರೆ ಅದು ವಿರುದ್ಧರಾಜ್ಯಾತಿಕ್ರಮವೆಂಬ ಅತಿಚಾರದ ಸಮೀಪಕ್ಕೆ ಬರುತ್ತದೆ. ಶಾಸನದ ಅನುಮತಿಯಿದ್ದ ಮಾತ್ರಕ್ಕೆ ಎಲ್ಲವೂ ಭಕ್ಷ್ಯವಾಗುವುದಿಲ್ಲವೆಂಬುದನ್ನೂ ಜೈನನಾದವನು ಮರೆಯಲಾರನು. ಹೆಸರರಿಯದ ಹಣ್ಣು ಆ ಕಾಡಿನಲ್ಲಿಯೂ ಅಜ್ಞಾತಫಲವೇ. ಅಣಬೆ ಅಲ್ಲಿಯೂ ಅಭಕ್ಷ್ಯವೇ.

ಎರಡನೆಯದು ಕುಟೀರ. 1868ರಲ್ಲಿ ಸ್ಥಾಪಿತವಾದ ನಾರ್ವೆಯ ಪ್ರವಾಸಿ ಸಂಘವು ಪರ್ವತಗಳಲ್ಲಿಯೂ ಅರಣ್ಯಗಳಲ್ಲಿಯೂ 500ಕ್ಕೂ ಮಿಕ್ಕಿ ಕುಟೀರಗಳನ್ನು ನಡೆಸುತ್ತಿದೆ. ಅವುಗಳಲ್ಲಿ ಅನೇಕ ಕುಟೀರಗಳಿಗೆ ಪಾರುಪತ್ಯಗಾರನಿಲ್ಲ. ಸದಸ್ಯನು ಠೇವಣಿಯಿಟ್ಟು ಪಡೆದ ಬೀಗದ ಕೈಯಿಂದ ತಾನೇ ಬಾಗಿಲು ತೆರೆಯುತ್ತಾನೆ, ತಾನೇ ಒಲೆ ಹಚ್ಚುತ್ತಾನೆ. ಕೆಲವು ಕುಟೀರಗಳಲ್ಲಿ ಉಗ್ರಾಣವೂ ಇದ್ದು, ಓಟ್ಸ್, ಒಣರೊಟ್ಟಿ, ಡಬ್ಬಿಯ ಆಹಾರ ಮೊದಲಾದವು ಅಲ್ಲಿ ಸಿಗುತ್ತವೆ. ಬಳಸಿದ್ದನ್ನು ತಾನೇ ಬರೆದು, ಲೆಕ್ಕ ಹಾಕಿ, ಹಣವನ್ನು ಸಲ್ಲಿಸಬೇಕು. ಹೊರಡುವ ಮುನ್ನ ಪಾತ್ರೆ ತೊಳೆದು, ನೆಲ ಗುಡಿಸಿ, ಮುಂದೆ ಬರುವವರಿಗಾಗಿ ಸೌದೆಯನ್ನೂ ನೀರನ್ನೂ ಒಳಗೆ ತಂದಿಡಬೇಕು. ಮಂಚಗಳು ತುಂಬಿದ್ದರೂ ತಡವಾಗಿ ಬಂದವನನ್ನು ಹೊರಗೆ ಕಳುಹಿಸುವ ಪದ್ಧತಿಯಿಲ್ಲ. ನೆಲದ ಮೇಲೆ ಹಾಸಿಗೆ ಹಾಸಿ ಅವನಿಗೆ ಎಡೆಮಾಡಿಕೊಡುತ್ತಾರೆ.

ಅಚೌರ್ಯವ್ರತದ ಐದು ಭಾವನೆಗಳಲ್ಲಿ ಶೂನ್ಯಾಗಾರವಾಸ, ಪರೋಪರೋಧಾಕರಣ ಎಂಬೆರಡು ಇವೆ: ಬರಿದಾದ ಎಡೆಯಲ್ಲಿ ವಾಸಿಸುವುದು, ಅಲ್ಲಿಗೆ ಬರುವ ಇತರರನ್ನು ತಡೆಯದಿರುವುದು. ಇವು ಮುಖ್ಯವಾಗಿ ಮುನಿಗಳಿಗಾಗಿ ಹೇಳಿದವು. ಆದರೂ ಹಿಮದ ನಡುವಿನ ಕುಟೀರದಲ್ಲಿ ಒಂದಿರುಳು ತಂಗುವ ಗೃಹಸ್ಥನಿಗೆ ಇವುಗಳ ಅರ್ಥ ಹೊಸದಾಗಿ ಹೊಳೆಯದಿರದು. ಎರಡು ಪೊಟ್ಟಣ ಬಳಸಿ ಒಂದೆಂದು ಬರೆದರೆ ಕೇಳುವವರಿಲ್ಲ. ಆದರೆ ಅದು ತಕ್ಕಡಿಯ ಮೋಸಕ್ಕಿಂತ ಭಿನ್ನವಲ್ಲ. ಹೀನಾಧಿಕಮಾನೋನ್ಮಾನವೆಂಬ ಅತಿಚಾರವು ಅಂಗಡಿಗೆ ಮಾತ್ರ ಸೀಮಿತವಾದುದಲ್ಲ. ಸಂಘವು ದೊಡ್ಡದು, ನಷ್ಟವು ಚಿಕ್ಕದು ಎಂಬ ಸಮಾಧಾನವೂ ನಿಲ್ಲದು. ಅಂತಹ ಕುಟೀರದ ನಿಜವಾದ ಬಂಡವಾಳವೆಂದರೆ ನಂಬಿಕೆ. ಅದು ಹತ್ತು ಜನರಿಂದ ಕೆಟ್ಟರೆ ಉಗ್ರಾಣಕ್ಕೆ ಬೀಗ ಬೀಳುವುದು. ಆಮೇಲೆ ಬಿರುಗಾಳಿಗೆ ಸಿಕ್ಕಿ ಹಸಿದು ಬಂದ ಹನ್ನೊಂದನೆಯವನು ಅದರ ಬೆಲೆ ತೆರಬೇಕಾಗುವುದು.

ಮೂರನೆಯದಾದ ಸ್ನೇಹಿತನ ಮನೆಯಲ್ಲಿ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು. ಕಾಡಿನಲ್ಲಿ ಶಾಸನವುಂಟು, ಕುಟೀರದಲ್ಲಿ ಬೆಲೆಯ ಪಟ್ಟಿಯುಂಟು. ಇಲ್ಲಿ ಎರಡೂ ಇಲ್ಲ. ಸ್ನೇಹಿತನು ನಗುಮೊಗದಿಂದ ಕೊಟ್ಟನು, ಆದುದರಿಂದ ಅದು ದತ್ತವೇ ಎಂದು ವಾದಿಸಬಹುದು. ಆದರೆ ದಾಕ್ಷಿಣ್ಯದಿಂದ ಕೊಟ್ಟದ್ದನ್ನೂ ಪ್ರೀತಿಯಿಂದ ಕೊಟ್ಟದ್ದನ್ನೂ ಹೊರಗಿನಿಂದ ನೋಡಿದವನು ಬೇರ್ಪಡಿಸಲಾರನು. ಆ ನಗರಗಳಲ್ಲಿ ವಸತಿಗೃಹಗಳ ಬಾಡಿಗೆ ಬಹಳ. ವಿದ್ಯಾರ್ಥಿಯ ವಾಸಕ್ಕೆ ಸಾಮಾನ್ಯವಾಗಿ ಒಂದೇ ಕೋಣೆ. ಮುನ್ಸೂಚನೆಯಿಲ್ಲದೆ ಬಂದು ಬಾಗಿಲು ತಟ್ಟಿದವನಿಗೆ ‘ಆಗದು’ ಎನ್ನಲು ಯಾವ ಸ್ನೇಹಿತನಿಗೆ ನಾಲಿಗೆ ಬರುತ್ತದೆ? ನಿರಾಕರಿಸುವ ಅವಕಾಶವನ್ನೇ ಕಸಿದುಕೊಂಡ ಬಳಿಕ ಪಡೆದುದನ್ನು ಕೊಟ್ಟದ್ದೆಂದು ಕರೆಯುವುದು ಹೇಗೆ? ಬಾಡಿಗೆ ಉಳಿಸುವುದಕ್ಕಾಗಿಯೇ ನೆನಪಾದ ಸ್ನೇಹವಾದರೆ ಅಲ್ಲಿ ಅಪಹೃತವಾದುದು ಬರಿಯ ಹಾಸಿಗೆಯಲ್ಲ, ಸ್ನೇಹವೆಂಬ ಹೆಸರೂ ಹೌದು.

ವ್ರತಗಳ ವಿಷಯದಲ್ಲಿಯೂ ಇದೇ ನ್ಯಾಯ. ಆಲೂಗೆಡ್ಡೆಯಿಲ್ಲದ ಊಟ ಆ ನಾಡುಗಳಲ್ಲಿ ಅಪರೂಪ. ಟ್ರೋಮ್ಸೋದಂತಹ ಊರಿನಲ್ಲಿ ಮೇ ತಿಂಗಳ ಮೂರನೆಯ ವಾರದಿಂದ ಜುಲೈ ಮೂರನೆಯ ವಾರದವರೆಗೆ ಸೂರ್ಯನು ಮುಳುಗುವುದೇ ಇಲ್ಲ. ಅಲ್ಲಿನ ಗೆಳೆಯನು ರಾತ್ರಿ ಹತ್ತಕ್ಕೆ ಹೊಳೆಯುವ ಬಿಸಿಲಿನಲ್ಲಿ ಊಟಕ್ಕೆ ಕರೆದರೆ ಅದರಲ್ಲಿ ಅವನ ತಪ್ಪೇನೂ ಇಲ್ಲ. ಸೂರ್ಯಾಸ್ತವೇ ಇಲ್ಲದ ಎಡೆಯಲ್ಲಿ ರಾತ್ರಿಭೋಜನತ್ಯಾಗದ ಮೇರೆಯನ್ನು ಪಯಣಕ್ಕೆ ಮೊದಲೇ ಗುರುಗಳಲ್ಲಿ ವಿಚಾರಿಸಿ ನಿಶ್ಚಯಿಸಿಕೊಳ್ಳುವುದು ಯುಕ್ತ. ಹಾಗೆ ನಿಶ್ಚಯಿಸಿದುದನ್ನು ಸಂಕೋಚದಿಂದ ಮುಚ್ಚಿಟ್ಟು, ಬಡಿಸಿದ ಮೇಲೆ ತಟ್ಟೆಯನ್ನು ಸರಿಸುವುದು ವಿನಯವಲ್ಲ. ಬೇಯಿಸಿದವರ ಶ್ರಮವೂ ಹೊತ್ತೂ ಧಾನ್ಯವೂ ಆಗ ವ್ಯರ್ಥವಾಗುತ್ತವೆ. ಕಂದಮೂಲಗಳನ್ನು ತಿನ್ನುವುದಿಲ್ಲ, ಇಷ್ಟು ಗಂಟೆಯ ಮೇಲೆ ಉಣ್ಣುವುದಿಲ್ಲ, ಬರಿಯ ಅನ್ನ ಮೊಸರಾದರೂ ಸಾಕು ಎಂದು ಹೊರಡುವ ಮೊದಲೇ ಬರೆದು ತಿಳಿಸುವವನು ಆತಿಥೇಯನ ಶ್ರಮವನ್ನು ಕಾಪಾಡುತ್ತಾನೆ. ಭೈಕ್ಷಶುದ್ಧಿಯೂ ಅಚೌರ್ಯದ ಭಾವನೆಗಳಲ್ಲೊಂದೆಂಬುದನ್ನು ಇಲ್ಲಿ ಸ್ಮರಿಸಬಹುದು.

ಇಷ್ಟೆಲ್ಲ ಲೆಕ್ಕವಿಟ್ಟರೆ ಸ್ನೇಹವು ವ್ಯಾಪಾರವಾಗದೇ ಎಂಬ ಆಕ್ಷೇಪ ಬರುವುದು ಸಹಜ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಕೊಟ್ಟವನೂ ಪಡೆದವನೂ ಲೆಕ್ಕವಿಟ್ಟರೆ ಅದು ವ್ಯಾಪಾರವೇ. ಕೊಟ್ಟವನೊಬ್ಬನೇ ಲೆಕ್ಕವಿಟ್ಟರೆ ಅದು ಪಡೆದವನ ಮೇಲೆ ಹೇರಿದ ಋಣ. ಕೊಟ್ಟವನು ಮರೆತು, ಪಡೆದವನು ಮಾತ್ರ ತನ್ನ ಮನಸ್ಸಿನಲ್ಲಿ ಲೆಕ್ಕವಿಟ್ಟರೆ ಅದೇ ವ್ರತ. ಆ ಲೆಕ್ಕವನ್ನು ಹಣದಿಂದಲೇ ತೀರಿಸಬೇಕೆಂದಿಲ್ಲ. ತಂಗಿದ ಮನೆಯ ಪಾತ್ರೆಯನ್ನು ತೊಳೆಯುವುದು, ಹೇಳಿದ ದಿನವೇ ಹೊರಡುವುದು, ಆತಿಥೇಯನು ಕೆಲಸಕ್ಕೆ ಹೋಗುವ ಹೊತ್ತಿಗೆ ತನ್ನಿಂದ ಅಡ್ಡಿಯಾಗದಂತೆ ನೋಡಿಕೊಳ್ಳುವುದು ಇವೆಲ್ಲ ಅದರ ಸಂದಾಯಗಳೇ. ಉಳಿದುದನ್ನು ತೀರಿಸಲು ಸ್ವಂತ ಮನೆಯಿದೆ. ಅತಿಥಿಸಂವಿಭಾಗವ್ರತದಲ್ಲಿ ಮುಖ್ಯ ಅತಿಥಿ ಮುನಿಗಳೇ. ಆದರೆ ಪರರ ಹೊಸ್ತಿಲಲ್ಲಿ ಅಪರಿಚಿತನಾಗಿ ನಿಂತು ಬಂದವನಿಗೆ, ಮನೆಯ ಮುಂದೆ ಬಂದು ನಿಂತವರ ದಣಿವು ಮೊದಲಿಗಿಂತ ಬೇಗ ಕಾಣಬೇಕು.

ಮಕ್ಕಳು ದೂರದೇಶಕ್ಕೆ ಹೊರಡುವಾಗ ಮನೆಯ ಹಿರಿಯರು ಉಣ್ಣೆಯ ಬಟ್ಟೆಯನ್ನೂ ಔಷಧಿಯನ್ನೂ ಚೀಲದಲ್ಲಿ ಇಡುವುದನ್ನು ಮರೆಯುವುದಿಲ್ಲ. ಅದರೊಂದಿಗೆ ಇನ್ನೊಂದು ಮಾತನ್ನೂ ಹೇಳಿ ಕಳುಹಿಸಬಹುದು: ಯಾರ ಮನೆಗೆ ಹೋಗುವುದಿದ್ದರೂ ಮೊದಲು ಕೇಳಬೇಕು, ‘ಈ ಸಲ ಅನುಕೂಲವಿಲ್ಲ’ ಎಂಬ ಉತ್ತರ ಬಂದರೆ ಮನಸ್ಸಿನಲ್ಲಿ ಕಹಿಯಿಟ್ಟುಕೊಳ್ಳಬಾರದು. ಹಾಗೆ ಸಂಕೋಚವಿಲ್ಲದೆ ಇಲ್ಲವೆನ್ನಬಲ್ಲ ಸ್ನೇಹಿತನು ಬಾ ಎಂದು ಕರೆದಾಗ, ಆ ಮನೆಯಲ್ಲಿ ಪಡೆದ ಒಂದು ಲೋಟ ನೀರೂ ನಿಸ್ಸಂದೇಹವಾಗಿ ದತ್ತವಾದುದು.