ಹೊರಗಿನ ಕಂಜಕ್‌ಗಳು

ಊರಲ್ಲಿ ನವರಾತ್ರಿಗೆ ಗೊಂಬೆ ಕೂರಿಸಿದರೆ ದೆಹಲಿಯಲ್ಲಿ ಹುಡುಗಿಯರನ್ನೇ ಕೂರಿಸುತ್ತಾರೆ. ಅಷ್ಟಮಿಯಂದೋ ನವಮಿಯಂದೋ ಬೆಳಿಗ್ಗೆ, ಹತ್ತು ವರ್ಷದೊಳಗಿನ ಒಂಬತ್ತು ಹೆಣ್ಣುಮಕ್ಕಳನ್ನು ಮನೆಗೆ ಕರೆದು, ಸಾಲಾಗಿ ಕೂರಿಸಿ, ಕಾಲು ತೊಳೆದು, ಹಣೆಗೆ ಕುಂಕುಮವಿಟ್ಟು, ಕೈಗೆ ಕೆಂಪು ದಾರ ಕಟ್ಟಿ, ಪೂರಿ, ಕಪ್ಪು ಕಡಲೆ ಉಸಲಿ, ರವೆ ಹಲ್ವಾ ಬಡಿಸುತ್ತಾರೆ. ಹಲ್ವಾ ಅಂದರೆ ನಮ್ಮ ಕೇಸರಿಭಾತಿನ ದಾಯಾದಿ ಅನ್ನಿ. ಹೊರಡುವಾಗ ಒಂದು ಕೆಂಪು ಚುನ್ನಿ, ಬಳೆಯೋ ಪೆನ್ಸಿಲ್ ಡಬ್ಬಿಯೋ, ಹತ್ತಿಪ್ಪತ್ತು ರೂಪಾಯಿ ದಕ್ಷಿಣೆ. ಜೊತೆಗೊಬ್ಬ ಹುಡುಗನನ್ನೂ ಕೂರಿಸುವುದುಂಟು, ಪಾಪ, ಅವನಿಗೆ ಲಂಗೂರ್ ಅಂತ ಹೆಸರು. ಹುಡುಗಿಗೆ ಕಂಜಕ್ ಅನ್ನುತ್ತಾರೆ. ಆ ಹೊತ್ತಿಗೆ ಅವಳು ಪಕ್ಕದ ಮನೆಯ ಪಿಂಕಿ ಅಲ್ಲ, ಸಾಕ್ಷಾತ್ ದೇವಿ. ಚೈತ್ರದಲ್ಲೊಮ್ಮೆ, ಆಶ್ವಯುಜದಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ.

ಕೂರಿಸುವ ಮನೆಗಳು ಜಾಸ್ತಿ, ಕೂರುವ ಮಕ್ಕಳು ಕಮ್ಮಿ. ಒಂದೊಂದು ಮನೆಗೆ ಒಂದೇ ಮಗು ಅನ್ನುವ ಕಾಲ, ಜೊತೆಗೆ ಇನ್ನೊಂದು ಕಾರಣವನ್ನೂ ಬಾಯಿಬಿಟ್ಟು ಹೇಳಬೇಕು. 2011ರ ಜನಗಣತಿಯ ಪ್ರಕಾರ ದೆಹಲಿಯಲ್ಲಿ ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 871 ಹೆಣ್ಣು. ಕರ್ನಾಟಕದಲ್ಲಿ ಆಗ 948. ಹುಟ್ಟಿಸಲು ಹಿಂದೆಮುಂದೆ ನೋಡಿದ ಊರು ಅಷ್ಟಮಿಯ ಬೆಳಿಗ್ಗೆ ಹುಡುಗಿಯರಿಗಾಗಿ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ನಾವು ಇಲ್ಲಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ನೆರೆಯವರಿಗೆ ನಮ್ಮ ಹೆಸರು ಸರಿಯಾಗಿ ಗೊತ್ತಿರಲಿಲ್ಲ, ನಾವೆಲ್ಲ ಅವರಿಗೆ ಮದ್ರಾಸಿಗಳು. ಆದರೂ ಆ ಅಷ್ಟಮಿಗೆ ನಮ್ಮ ಮಗಳಿಗೆ ಏಳು ಮನೆಯಿಂದ ಕರೆ ಬಂತು. ಹಿಂದಿ ಬಾರದ ದೇವಿ ಏಳು ಮನೆಯಲ್ಲೂ ತಲೆಯಾಡಿಸಿಕೊಂಡು ಕೂತು ಬಂದಳು. ಅವಳ ಕುಲಗೋತ್ರ, ಊರು, ಭಾಷೆ ಯಾರೂ ಕೇಳಲಿಲ್ಲ. ಗೇಟಿನ ಒಳಗೆ ಮನೆ ಇತ್ತು, ಅಷ್ಟೇ ಸಾಕಾಯಿತು.

ಗೇಟಿನ ಹೊರಗಿನವರದು ಬೇರೆ ಕತೆ.

ನಾವಿರುವುದು ಯಮುನೆಯ ಆಚೆ, ಮಯೂರ್ ವಿಹಾರದ ಒಂದು ಸೊಸೈಟಿಯಲ್ಲಿ. ನಡೆದು ಹೋಗುವಷ್ಟು ದೂರದಲ್ಲಿ ತ್ರಿಲೋಕಪುರಿ. ಅಷ್ಟಮಿಯ ದಿನ ಬೆಳಿಗ್ಗೆ ಅಲ್ಲಿಂದ ಹುಡುಗಿಯರು ನಾಲ್ಕು, ಆರು, ಹತ್ತರ ಗುಂಪು ಕಟ್ಟಿಕೊಂಡು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬರುತ್ತಾರೆ. 'ಆಂಟಿ, ಕಂಜಕ್ ಬಿಠಾಯೀ?' ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ 'ಗೊಂಬೆ ಕೂರ್ಸಿದೀರಾ?' ಅಂತಲೇ ಕೇಳಿಸಿತು. ಅದೇ ರಾಗ, ಹೊಸಿಲಾಚೆ ಅದೇ ಕತ್ತು ಚಾಚಿದ ಮುಖ.

ಮೊದಮೊದಲು ಅವರು ಮೆಟ್ಟಿಲು ಹತ್ತಿ ಬಾಗಿಲಿಗೇ ಬರುತ್ತಿದ್ದರು. ಆಮೇಲೆ ಗೊಣಗಾಟ ಶುರುವಾಯಿತು. 2020ರಲ್ಲಿ ಯುಗಾದಿಯ ದಿನವೇ ಲಾಕ್‌ಡೌನ್ ಬಂತಲ್ಲ, ಆಗ ಮುಚ್ಚಿದ ಗೇಟು ಈ ಮಕ್ಕಳ ಪಾಲಿಗೆ ಮತ್ತೆ ಸರಿಯಾಗಿ ತೆರೆಯಲಿಲ್ಲ. ಈಗ ಹೊರಗಿನವರು ಬಂದರೆ ಕಾವಲುಗಾರ ಫೋನಿನಲ್ಲಿ ಒತ್ತಬೇಕು, ಮನೆಯವರು ಒಪ್ಪಿಗೆ ಒತ್ತಬೇಕು. ದೇವಿ ಬಂದಿದ್ದಾಳೆ, ಒಳಗೆ ಬಿಡಲೋ ಬೇಡವೋ ಅಂತ ಪರದೆಯ ಮೇಲೆ ಎರಡು ಗುಂಡಿ. ಇನ್ನೊಂದು ವಿಚಿತ್ರ ನೋಡಿ. ಆ ಹುಡುಗಿಯರಲ್ಲಿ ಕೆಲವರ ತಾಯಂದಿರು ನಮ್ಮಲ್ಲೇ ಪಾತ್ರೆ ತೊಳೆಯುವವರು. ಅವರ ಹತ್ತಿರ ಪಾಸು ಇದೆ, ದಿನಾ ಎರಡು ಸಲ ಬಂದು ಹೋಗುತ್ತಾರೆ. ಹಲ್ವಾ ಮಾಡಿದ ಬಾಣಲೆ ಉಜ್ಜಲು ಅಮ್ಮ ಒಳಗೆ ಬರಬಹುದು, ತಿನ್ನಲು ಮಗಳು ಬರುವಂತಿಲ್ಲ.

ಬೇಡ ಅನ್ನುವವರೆಲ್ಲ ಕಲ್ಲೆದೆಯವರು ಅಂತ ಬರೆದುಬಿಡುವುದು ಸುಲಭ. ಹಾಗೇನಿಲ್ಲ. ನಮ್ಮ ಎದುರು ಮನೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿ ಒಬ್ಬರಿದ್ದಾರೆ, ನಾನು ಅವರನ್ನು ದೀದಿ ಅನ್ನುತ್ತೇನೆ. ಅವರು ಹೇಳುವುದು ಹೀಗೆ: 'ನಾನು ಕಾಲು ತೊಳೆಯುವ ಹುಡುಗಿಯ ಹೆಸರು ನನಗೆ ಗೊತ್ತಿರಬೇಕು. ಅವಳಿಗೆ ಹಲ್ಲು ಬಿದ್ದದ್ದು, ಪರೀಕ್ಷೆಗೆ ಅತ್ತದ್ದು ಗೊತ್ತಿರಬೇಕು. ಮುಖ ನೋಡದೆ ಮೂವತ್ತು ಜನಕ್ಕೆ ಹಂಚಿದರೆ ಅದು ದಾನ. ದಾನ ನಾನು ಬೇರೆ ದಿನ ಮಾಡ್ತೀನಿ.' ಮಾಡುತ್ತಾರೆ ಕೂಡ, ನಾನೇ ನೋಡಿದ್ದೇನೆ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲು ಬರುವುದಿಲ್ಲ. ಮಿಕ್ಕವರು ಹೇಳುವ ಕಾರಣಗಳು ಅಷ್ಟು ಗಟ್ಟಿಯಿಲ್ಲ. ಕಳ್ಳತನವಾಗುತ್ತದೆ ಅನ್ನುವುದೊಂದು, ಎಂಟು ವರ್ಷದ ಹುಡುಗಿ ಚೀಲದಲ್ಲಿ ಏನು ಹೊತ್ತೊಯ್ಯುತ್ತಾಳೆ? ದುಡ್ಡಿಗಾಗಿ ಬರುತ್ತಾರೆ, ಪೂರಿಯನ್ನು ರಸ್ತೆಯಲ್ಲೇ ಬಿಸಾಡುತ್ತಾರೆ ಅನ್ನುವುದು ಇನ್ನೊಂದು. ಒಂಬತ್ತನೆಯ ಮನೆಯ ಪೂರಿಯನ್ನು ನಮ್ಮ ಮಕ್ಕಳೂ ತಿನ್ನುವುದಿಲ್ಲ ಸ್ವಾಮಿ. ಲಿಫ್ಟಿನಲ್ಲಿ ನಿಂತು ನೋಟು ಎಣಿಸುವುದರಲ್ಲಿ ಅವರೇನು ಕಮ್ಮಿಯಿಲ್ಲ.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗಳು ಹೇಳುತ್ತಿದ್ದಳು, ಅಲ್ಲೂ ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಇದೇ ಜಗಳವಂತೆ. ಮಕ್ಕಳು ದೆವ್ವಭೂತದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರೆ. ಬಡ ಬಡಾವಣೆಯ ಮಕ್ಕಳು ಕಾರಿನಲ್ಲಿ ಬಂದು ಸಿರಿವಂತರ ಬೀದಿಯಲ್ಲಿ ಇಳಿದರೆ, ಇವರು ನಮ್ಮ ಬೀದಿಯವರಲ್ಲ ಅಂತ ಕೆಲವರು ದೀಪ ಆರಿಸಿಕೊಳ್ಳುತ್ತಾರಂತೆ. ಅಲ್ಲಿ ಬರುವುದು ದೆವ್ವ, ಇಲ್ಲಿ ದೇವಿ. ವಿಳಾಸ ಮಾತ್ರ ಎರಡೂ ಕಡೆ ಬೇಕು.

ನನಗನಿಸುವುದನ್ನು ಹೇಳುತ್ತೇನೆ. ಕೊಟ್ಟು ತಗೊಳ್ಳುವ ಹಬ್ಬಕ್ಕೆ ಗಡಿ ಇದ್ದರೆ ತಪ್ಪಿಲ್ಲ. ಸಂಕ್ರಾಂತಿಗೆ ನಾವು ಎಳ್ಳು ಬೀರುವುದು ಬಳಕೆಯವರಿಗೆ. ಅವರು ನಮ್ಮ ಮನೆಗೆ ಬರುತ್ತಾರೆ, ನಾವು ಅವರಲ್ಲಿಗೆ ಹೋಗುತ್ತೇವೆ. ದಾರಿಹೋಕರಿಗೆ ಎಳ್ಳು ಬೀರಲಿಲ್ಲ ಅಂತ ಯಾರೂ ಆಡಿಕೊಳ್ಳುವುದಿಲ್ಲ. ಆದರೆ ಕಂಜಕ್ ಪೂಜೆ ಎಳ್ಳು ಬೀರುವ ಲೆಕ್ಕದ್ದಲ್ಲ. ಪಿಂಕಿಯ ಕಾಲು ತೊಳೆಯುವಾಗ ಪಿಂಕಿಯನ್ನು ಮರೆಯಬೇಕು ಅನ್ನುವುದೇ ಅದರ ಶರತ್ತು. ಅವಳ ಅಪ್ಪನ ಕಾರು, ಅಮ್ಮನ ನೌಕರಿ ಎಲ್ಲ ಮರೆಯಬೇಕು. ಅಷ್ಟು ಮರೆಯಬಲ್ಲವರಿಗೆ ತ್ರಿಲೋಕಪುರಿ ಅನ್ನುವ ಒಂದು ಹೆಸರು ಮರೆಯುವುದು ಯಾಕೆ ಕಷ್ಟವಾಗಬೇಕು?

ಹೊರಗಿನವರು ಅಂತೀವಲ್ಲ, ಅದೂ ಅಷ್ಟು ಸರಳವಾಗಿಲ್ಲ. ತ್ರಿಲೋಕಪುರಿಯಾದದ್ದು 1975-77ರ ತುರ್ತು ಪರಿಸ್ಥಿತಿಯಲ್ಲಿ. ದೆಹಲಿ ಚೆಂದ ಕಾಣಲಿ ಅಂತ ನಗರದ ಗುಡಿಸಲುಗಳನ್ನು ಕಿತ್ತು, ಅಲ್ಲಿದ್ದವರನ್ನು ನದಿಯಾಚೆ ತಂದುಬಿಟ್ಟರು, ಅಂಗೈಯಗಲದ ಸೈಟು ಕೊಟ್ಟರು. ಮಯೂರ್ ವಿಹಾರದ ಫ್ಲಾಟುಗಳು ಎದ್ದದ್ದು ಆಮೇಲೆ, ಎಂಬತ್ತರ ದಶಕದಲ್ಲಿ. ನಾವು ಬಂದದ್ದಂತೂ ಇನ್ನೂ ಎಷ್ಟೋ ತಡವಾಗಿ. ಆ ಹುಡುಗಿಯರ ಅಜ್ಜಿಯರು ಇಲ್ಲಿ ನೀರಿಗೆ ಕ್ಯೂ ನಿಂತಾಗ ನಮ್ಮ ಗೇಟೇ ಇರಲಿಲ್ಲ.

ನಮ್ಮೂರಲ್ಲಿ ಹೀಗಿರಲಿಲ್ಲ ಅಂತ ಹೇಳಿಕೊಳ್ಳುವ ಆಸೆ ಹೊರನಾಡಿನವರಿಗೆ ಯಾವಾಗಲೂ ಇದ್ದದ್ದೇ. ಚೌತಿಯ ದಿನ 'ಗಣಪತಿ ಕೂರ್ಸಿದೀರಾ?' ಅಂತ ನಾವು ಮನೆಮನೆ ಸುತ್ತಿ, ಅಕ್ಷತೆ ಹಾಕಿ, ಎಷ್ಟು ಗಣಪತಿಯಾಯಿತು ಅಂತ ಎಣಿಸುತ್ತಿದ್ದಾಗ ಯಾವ ಬೀದಿಯವರು ಅಂತ ಯಾರೂ ಕೇಳುತ್ತಿರಲಿಲ್ಲ. ಅದು ನಿಜ. ಆದರೆ ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ ಅನ್ನುವುದು ಇನ್ನೂ ನಿಜ. ಯಾವ ಕೇರಿಯ ಮಕ್ಕಳು ಯಾವ ಬೀದಿಗೆ ಬರಬಾರದು ಅನ್ನುವುದು ಮಕ್ಕಳಿಗೇ ಗೊತ್ತಿತ್ತು. ಕಾವಲುಗಾರ ಬೇಕಾಗಿರಲಿಲ್ಲ. ದೆಹಲಿಯಲ್ಲಿ ಕಡೇಪಕ್ಷ ಆ ಹುಡುಗಿಯರು ಬಂದು ಕೇಳುತ್ತಾರೆ.

ನಡುವೆ ಎರಡು ವರ್ಷ ಕಮಿಟಿಯವರು ಒಂದು ಉಪಾಯ ಹುಡುಕಿದರು. ಮನೆಮನೆಯಿಂದ ಪೂರಿ ಹಲ್ವಾ ಡಬ್ಬಿ ಕಟ್ಟಿ ಗೇಟಿನ ಮೇಜಿನ ಮೇಲಿಡುವುದು, ಕಾವಲುಗಾರ ಹಂಚುವುದು. ಊಟ ಅದೇ, ದುಡ್ಡು ಅದೇ, ಇನ್ನೇನು ಬೇಕು ಅಂದರು. ಹಾಗಾದರೆ ನಮ್ಮ ಮಕ್ಕಳಿಗೂ ಗೇಟಿನಲ್ಲೇ ಕೊಡೋಣ, ಕಾಲು ತೊಳೆಯುವ ನೀರು ಉಳಿಯುತ್ತೆ ಅಂತ ನಾನು ಅಂದೆ. ಯಾರಿಗೂ ನಗು ಬರಲಿಲ್ಲ.

ಒಂದು ಬೆಳಗಿನ ಪೂಜೆಯಿಂದ ಆ ಹುಡುಗಿಯರ ಬದುಕು ಬದಲಾಗುತ್ತದೆ ಅನ್ನುವ ಭ್ರಮೆ ನನಗಿಲ್ಲ. ನಾಳೆ ಅದೇ ಹುಡುಗಿ ಪಾರ್ಕಿನ ಜೋಕಾಲಿ ಮುಟ್ಟಿದರೆ ಓಡಿಸುವವರು ಇದ್ದೇ ಇದ್ದಾರೆ. ಹೋದರೆ ಇಪ್ಪತ್ತು ರೂಪಾಯಿಯೂ ಚುನ್ನಿಯೂ ಸಿಗುತ್ತದೆ ಅಂತಲೇ ಅವಳು ಬರುತ್ತಾಳೆ, ಬರಲಿ. ನಮಗೂ ಅವಳಿಂದ ಪುಣ್ಯ ಬೇಕಿದೆಯಲ್ಲ.

ಈಗ ನಮ್ಮ ಬ್ಲಾಕಿನ ನಾಲ್ಕು ಮನೆಯವರು ಸೇರಿ ಕೆಳಗೆ ಪಾರ್ಕಿಂಗ್‌ನಲ್ಲಿ ಜಮಖಾನ ಹಾಸುತ್ತೇವೆ. ಕಮಿಟಿ ಕೊಟ್ಟದ್ದು ಏಳರಿಂದ ಒಂಬತ್ತು ಗಂಟೆಯವರೆಗಿನ ಅನುಮತಿ. ಒಳಗಿನವರು, ಹೊರಗಿನವರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಒಳಗಿನ ಕೆಲವರು ಮಕ್ಕಳನ್ನು ಕಳಿಸುವುದಿಲ್ಲ. ದೀದಿ ಮೇಲೆ ತಮ್ಮ ಒಂಬತ್ತು ಹುಡುಗಿಯರ ಪೂಜೆ ಮುಗಿಸಿಕೊಂಡೇ ಇಳಿದು ಬರುತ್ತಾರೆ. ದಾರ ಕಟ್ಟುವ ಕೆಲಸ ಅವರದು. ಬಹಳ ನಿಧಾನ, ಹಿಂದೆ ಪೂರಿ ತಣ್ಣಗಾಗುತ್ತಿರುತ್ತದೆ. ಒಬ್ಬೊಬ್ಬಳಿಗೂ ಹೆಸರೇನು, ಯಾವ ಕ್ಲಾಸು ಅಂತ ಕೇಳಿ, ಉತ್ತರ ಬಂದಮೇಲೇ ಗಂಟು ಹಾಕುತ್ತಾರೆ.