ದಿನದಿನದ ವಿಶ್ರಾಂತಿ



ವಿಶ್ರಾಂತಿ ಎಂಬ ಮಾತನ್ನು ಕೇಳಿದ ಕೂಡಲೆ ನಮ್ಮ ಮನಸ್ಸಿಗೆ ತೋರುವದೇನು? ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಗಳಲ್ಲಿ ಮಳೆಯನ್ನೇ ನಂಬಿ ದುಡಿಯುವವನಿಗೆ, ಸುಗ್ಗಿ ಮುಗಿದು ಸಾಲವೆಲ್ಲಾ ತೀರಿದ ದಿನವೇ ವಿಶ್ರಾಂತಿಯ ದಿನವು. ಆದರೆ ಅಂಥ ದಿನವು ನಮ್ಮಲ್ಲಿ ಎಷ್ಟು ಮಂದಿಗೆ ಬಂದೀತು? ಒಂದು ಕಂತನ್ನು ಕಟ್ಟುವಷ್ಟರಲ್ಲಿ ಮತ್ತೊಂದು ಕಂತು ಬಾಗಲಲ್ಲಿ ನಿಂತಿರುತ್ತದೆ. ಕೊಳವೆ ಬಾವಿ ಬತ್ತುತ್ತದೆ. ಶೇಂಗಾ ಹೂವು ಬಿಡುವ ಹೊತ್ತಿಗೆ ಮಳೆ ಹಿಂದೆಗೆಯುತ್ತದೆ. ಮನೆಗೆ ಬೀಗ ಹಾಕಿ ಗುಳೇ ಹೋಗಬೇಕಾಗುತ್ತದೆ. ಹೀಗಿರಲಾಗಿ, ಕಷ್ಟಪಡುವವರನ್ನೂ ಹೊರೆಹೊತ್ತವರನ್ನೂ ತನ್ನ ಬಳಿಗೆ ಕರೆದು ವಿಶ್ರಾಂತಿಯನ್ನು ಕೊಡುವೆನೆಂದ ಕರ್ತನ ವಾಗ್ದಾನವನ್ನು ನಾವು ಹೇಗೆ ತಿಳುಕೊಳ್ಳಬೇಕು?

ಮೊದಲು ಒಂದು ಸಂಗತಿಯನ್ನು ಗಮನಿಸೋಣ. ವಿಶ್ರಾಂತಿಯ ವಾಗ್ದಾನವನ್ನು ಮಾಡಿದ ಕರ್ತನು ಕೂಡಲೆ ನೊಗದ ವಿಷಯವಾಗಿ ಮಾತಾಡುತ್ತಾನೆ. ದಣಿದವನಿಗೆ ಹಾಸಿಗೆಯನ್ನು ತೋರಿಸದೆ ನೊಗವನ್ನು ತೋರಿಸುವದು ಪಟ್ಟಣದವರಿಗೆ ವಿಚಿತ್ರವಾಗಿ ಕಂಡೀತು. ಒಕ್ಕಲುತನ ಮಾಡುವವರಿಗೆ ಅದು ವಿಚಿತ್ರವಲ್ಲ. ಹೊಸ ಹೋರಿಯನ್ನು ಪಳಗಿಸುವಾಗ ನಾವು ಅದನ್ನು ಪಳಗಿದ ಎತ್ತಿನ ಜೊತೆಯಲ್ಲಿ ಹೂಡುತ್ತೇವಷ್ಟೆ. ಸಾಲು ಹಿಡಿಯುವದೂ ತಿರುಗುವದೂ ನಿಲ್ಲುವದೂ ದೊಡ್ಡ ಎತ್ತಿಗೆ ಗೊತ್ತು. ಅದರ ಹೆಜ್ಜೆಗೆ ಹೆಜ್ಜೆ ಹಾಕಿದರೆ ಹೋರಿಗೆ ಭಾರವು ಹಗುರವಾಗುತ್ತದೆ. ತನ್ನ ಇಷ್ಟದಂತೆ ಎಳೆದಾಡಿದರೆ ಅದರ ಹೆಗಲೇ ಹುಣ್ಣಾಗುತ್ತದೆ. ಹಾಗಾದರೆ ಕ್ರಿಸ್ತನು ಕೊಡುವ ವಿಶ್ರಾಂತಿಯು ಕೆಲಸವಿಲ್ಲದಿರುವದಲ್ಲ, ಒಂಟಿಯಾಗಿ ಎಳೆಯದಿರುವದೇ. ನಮ್ಮನ್ನು ಬಳಲಿಸುವದು ಕೈಕೆಲಸಕ್ಕಿಂತ ಹೆಚ್ಚಾಗಿ, ನಾಳೆಯ ದಿನವನ್ನೆಲ್ಲಾ ಈ ಹೊತ್ತೇ ನಮ್ಮ ಹೆಗಲ ಮೇಲೆ ಹೊರುವ ಚಿಂತೆಯಲ್ಲವೇ?

ಆದರೆ ಈ ವಿಶ್ರಾಂತಿಯನ್ನು ಒಂದೇ ಸಾರಿ ಹೊಂದಿ, ಬದುಕಿರುವ ವರೆಗೆ ಇಟ್ಟುಕೊಳ್ಳಬಾರದೋ? ದೀಕ್ಷಾಸ್ನಾನವನ್ನು ಹೊಂದಿದ ದಿನದ ಸಂತೋಷವು ಸಾಲದೋ? ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿ ವರುಷಗಟ್ಟಲೆ ಇಡುತ್ತಿದ್ದರು. ನೀರಾದರೋ ಹಾಗಲ್ಲ, ಅದನ್ನು ದಿನಾಲು ಸೇದಿ ತರಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನವು ಬಿದ್ದಾಗ, ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದು ನಾತ ಹೊಡೆಯಿತು. ಸಬ್ಬತ್ತಿನ ಹಿಂದಣ ದಿನ ಕೂಡಿಸಿಟ್ಟದ್ದು ಮಾತ್ರ ಕೆಡಲಿಲ್ಲ, ಯಾಕಂದರೆ ಅದು ದೇವರ ಅಪ್ಪಣೆಯಿಂದ ಇಟ್ಟದ್ದು. ದೇವರು ತನ್ನ ಜನರಿಗೆ ಆಹಾರವನ್ನು ಮಾತ್ರವಲ್ಲ, ಪ್ರತಿಮುಂಜಾನೆ ತನ್ನ ಕಡೆಗೆ ಕೈಚಾಚುವ ಅಭ್ಯಾಸವನ್ನೂ ಕೊಡಲು ಮನಸ್ಸುಮಾಡಿದನು. ಆತ್ಮದ ವಿಶ್ರಾಂತಿಯೂ ಹಾಗೆಯೇ. ಹೋದ ವರುಷದ ಭಕ್ತಿಯಿಂದ ಈ ಹೊತ್ತಿನ ದಾಹವು ತೀರುವದಿಲ್ಲ.

ಇದಕ್ಕೆ ಕೆಲವರು, ಹಾಗಾದರೆ ಕೂಡಿಡುವದು ಅವಿಶ್ವಾಸವೋ, ಬೀಜದ ಕಾಳನ್ನೂ ಇಡಬಾರದೋ ಎಂದು ಕೇಳಬಹುದು. ಹಾಗಲ್ಲ. ಐಗುಪ್ತದಲ್ಲಿ ಯೋಸೇಫನು ಏಳು ವರುಷ ಧಾನ್ಯವನ್ನು ಕೂಡಿಸಿದ್ದು ದೇವರ ಬುದ್ಧಿಯಿಂದಲೇ. ಆ ಧಾನ್ಯವು ಅನೇಕರ ಪ್ರಾಣವನ್ನು ಉಳಿಸಿತು. ಸುವಾರ್ತೆಯಲ್ಲಿ ಹೇಳಿರುವ ಐಶ್ವರ್ಯವಂತನೂ ಕಣಜಗಳನ್ನು ದೊಡ್ಡವಾಗಿ ಕಟ್ಟಿಸಲು ಯೋಚಿಸಿದನು. ಆದರೆ ತನ್ನ ಪ್ರಾಣಕ್ಕೆ ಆ ಕಣಜವೇ ವಿಶ್ರಾಂತಿಯೆಂದು ನೆನಸಿದ್ದರಿಂದ ಬುದ್ಧಿಹೀನನೆನಿಸಿಕೊಂಡನು. ಇಬ್ಬರ ಕೈಗಳಲ್ಲಿಯೂ ಧಾನ್ಯವಿತ್ತು. ಮನಸ್ಸು ಊರಿಕೊಂಡದ್ದು ಬೇರೆಬೇರೆ ಕಡೆಯಲ್ಲಿ. ಆದದರಿಂದ ದುಡಿಯೋಣ, ಉಳಿಸೋಣ, ಬೀಜವನ್ನೂ ಇಡೋಣ. ಭರವಸವನ್ನು ಮಾತ್ರ ಕಣಜದಲ್ಲಿ ಇಡದಿರೋಣ.

ಇನ್ನೊಂದು ಪ್ರಶ್ನೆಯು ಇದಕ್ಕಿಂತ ಕಠಿಣವಾದದ್ದು. ಅದನ್ನು ಮರೆಮಾಡುವದು ಸತ್ಯವಂತರಿಗೆ ತಕ್ಕದ್ದಲ್ಲ. 1876ರಿಂದ 1878ರ ವರೆಗೆ ಈ ನಾಡಿನಲ್ಲಿ ಧಾತು ಈಶ್ವರ ಬರವು ಬಂದಾಗ ಬಳ್ಳಾರಿ ಜಿಲ್ಲೆಯು ಬಹು ಘೋರವಾಗಿ ಪೀಡಿಸಲ್ಪಟ್ಟಿತು. 1881ರ ಜನಗಣತಿಯಲ್ಲಿ ಇಲ್ಲಿಯ ಜನಸಂಖ್ಯೆಯು ಹತ್ತು ವರುಷದ ಹಿಂದೆ ಇದ್ದದ್ದಕ್ಕಿಂತ ಬಹಳ ಕುಗ್ಗಿತ್ತು. ಸತ್ತವರಲ್ಲಿ ಪ್ರಾರ್ಥನೆ ಮಾಡಿದವರು ಇರಲಿಲ್ಲವೋ? ದಿನದ ರೊಟ್ಟಿಯನ್ನು ಬೇಡಿಕೊಂಡವರಿಗೆ ಅದು ಯಾಕೆ ದೊರೆಯಲಿಲ್ಲ? ಇದಕ್ಕೆ ಪೂರ್ಣವಾದ ಉತ್ತರವು ನಮ್ಮಲ್ಲಿಲ್ಲ. ಆದರೆ ಎರಡು ಮಾತುಗಳನ್ನು ಹೇಳಬಲ್ಲೆವು.

ಮೊದಲನೆಯದು, ಕ್ರಿಸ್ತನನ್ನು ಆತುಕೊಂಡವರ ಹೊಲದ ಮೇಲೆ ತಪ್ಪದೆ ಮಳೆ ಸುರಿಯುವದೆಂದು ಆತನು ಎಂದೂ ಹೇಳಲಿಲ್ಲ. ಗೆತ್ಸೇಮನೆ ತೋಟದಲ್ಲಿ ಆತನು ಬೇಡಿಕೊಂಡಾಗ ಕಷ್ಟದ ಪಾತ್ರೆಯು ತೊಲಗಲಿಲ್ಲ. ಆದರೂ ತಂದೆಯ ಕೈಯನ್ನು ಆತನು ಬಿಡಲಿಲ್ಲ. ಆತನ ವಿಶ್ರಾಂತಿಯು ಬರವನ್ನು ಕಾಣದವರ ನೆಮ್ಮದಿಯಲ್ಲ, ಬರದಲ್ಲಿಯೂ ಕೈಬಿಡಲ್ಪಡದವರ ಸಮಾಧಾನವು. ಎರಡನೆಯದು, ಕರ್ತನು ನಮಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವದು ನನ್ನ ಆಹಾರವನ್ನಲ್ಲ, ನಮ್ಮ ಆಹಾರವನ್ನು. ನೆರೆಯವನ ಬಿನ್ನಹಕ್ಕೆ ಕೊಡತಕ್ಕ ಉತ್ತರವನ್ನು ದೇವರು ಎಷ್ಟೋ ಸಾರಿ ನಮ್ಮ ಮನೆಯ ಚೀಲದಲ್ಲಿ ಇಟ್ಟಿರುತ್ತಾನೆ. ಪಕ್ಕದ ಮನೆಯ ಒಲೆ ಉರಿಯದಿರುವಾಗ ನಾನು ಕ್ರಿಸ್ತನಲ್ಲಿ ವಿಶ್ರಮಿಸುತ್ತಿದ್ದೇನೆಂದು ಹೇಳುವವನು ತನ್ನನ್ನೇ ಮೋಸಪಡಿಸಿಕೊಳ್ಳುತ್ತಾನೆ. ಅದು ವಿಶ್ರಾಂತಿಯಲ್ಲ, ನಿದ್ರೆಯೇ.

ದಿನದಿನವೂ ಸ್ವಲ್ಪಸ್ವಲ್ಪವಾಗಿ ನಡೆಯುವವರು ಎಷ್ಟು ದೂರ ಹೋಗಬಲ್ಲರೆಂಬದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯುಂಟು. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡದಲ್ಲಿ ಸಂಪೂರ್ಣ ಸತ್ಯವೇದವು ಅಚ್ಚಾಗಿ ಮುಗಿದದ್ದು 1831ರಲ್ಲಿ. ನಡುವೆ ಇಪ್ಪತ್ತೊಂದು ವರುಷಗಳು ಕಳೆದವು. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದ ಬಲವು ಒಂದೇ ಮುಂಜಾನೆ ಯಾರಿಗೂ ಕೊಡಲ್ಪಡುವದಿಲ್ಲ. ಆ ದಿನದ ವಚನಕ್ಕೆ ಬೇಕಾದಷ್ಟು ಬಲವು ಆ ದಿನಕ್ಕೆ ದೊರೆಯುತ್ತದೆ.

ಆದದರಿಂದ ಸಹೋದರ ಸಹೋದರಿಯರೇ, ಮುಂಜಾನೆ ಕುಡುಗೋಲು ಹಿಡಿಯುವ ಮುಂಚೆ ಒಂದು ಗಳಿಗೆ ಕರ್ತನ ಮುಂದೆ ನಿಂತು ಆ ದಿನದ ಭಾರವನ್ನು ಹೆಸರಿಟ್ಟು ಹೇಳಿರಿ. ಓದಲು ಬಾರದವರು ಮಕ್ಕಳಿಂದ ಒಂದು ವಚನವನ್ನು ಓದಿಸಿ ಕೇಳಿ, ಅದನ್ನು ಹೊಲದ ಬದುವಿನಲ್ಲಿ ಮೆಲುಕುಹಾಕಿರಿ. ಗುಳೇ ಹೋದವರು ದೇವಾಲಯವು ದೂರವಾಯಿತೆಂದು ಎದೆಗುಂದಬಾರದು. ಕರ್ತನು ಊರಿನಲ್ಲಿಯೇ ಉಳಿದವನಲ್ಲ. ಊರಲ್ಲಿರುವವರು ಅವರ ಮನೆಯ ಮುದುಕರನ್ನೂ ಮಕ್ಕಳನ್ನೂ ವಿಚಾರಿಸಿರಿ. ರಾತ್ರಿಯಲ್ಲಿ ತೀರದೆ ಉಳಿದ ಕೆಲಸವನ್ನು ಆತನ ಕೈಗೆ ಒಪ್ಪಿಸಿ ಮಲಗಿರಿ. ನಾಳೆಯ ನೊಗವನ್ನು ನಾಳೆ ಹೊರುವಾಗಲೂ, ನೊಗದ ಆ ಕಡೆಯಲ್ಲಿ ಆತನೇ ಇರುವನು.